ಹೊಸ ಮೈ, ಹಳೆಯ ನೆನಪು: ನಿಮ್ಮ ಅನ್ಯಗ್ರಹ ಜೀವಿಗೆ ಯಾವ ಮರುಹುಟ್ಟು ಹೊಂದುತ್ತದೆ?

ವೈಜ್ಞಾನಿಕ ಕಥೆ ಬರೆಯಲು ಕುಳಿತವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. "ನನ್ನ ಅನ್ಯಗ್ರಹ ಜೀವಿ ನಾನೂರು ವರ್ಷ ಬದುಕಬೇಕು. ಅದು ಸತ್ತು ಹೊಸ ಮುಖ ಹೊತ್ತು ಏಳಲೋ, ಇನ್ನೊಬ್ಬರ ದೇಹ ಸೇರಲೋ, ಹಾವಿನಂತೆ ಪೊರೆ ಬಿಡಲೋ?" ಹೆಚ್ಚಿನವರು ಮನಸ್ಸಿಗೆ ಮೊದಲು ಬಂದದ್ದನ್ನು ಆರಿಸಿ ಬರೆಯತೊಡಗುತ್ತಾರೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಆ ಆಯ್ಕೆಯೇ ಕಥೆಯ ಕಾಲಿಗೆ ತೊಡರುತ್ತದೆ. ಸಾವಿಗೆ ಅರ್ಥ ಉಳಿದಿರುವುದಿಲ್ಲ, ಅಥವಾ ನಾಯಕನೇ ಕೊಲೆಗಾರನಾಗಿರುತ್ತಾನೆ, ಅಥವಾ ಓದುಗರಿಗೆ ಯಾರು ಯಾರೆಂದೇ ತಿಳಿಯುವುದಿಲ್ಲ. ಆದ್ದರಿಂದ ದಾರಿಗಳನ್ನು ನೋಡುವ ಮೊದಲು ಅಳತೆಗೋಲನ್ನು ಹಿಡಿದುಕೊಳ್ಳೋಣ.

ಅಳೆಯುವುದು ಹೇಗೆ

ಮೊದಲು ಕೇಳಬೇಕಾದದ್ದು ನೆನಪಿನ ಬಗ್ಗೆ. ಹಳೆಯ ಮೈಯಿಂದ ಹೊಸದಕ್ಕೆ ಏನೇನು ದಾಟುತ್ತದೆ? ಎಲ್ಲವೂ ದಾಟುತ್ತದೆಯೋ, ಘಟನೆಗಳು ಮಾತ್ರ ದಾಟಿ ಸ್ವಭಾವ ಹಿಂದೆ ಉಳಿಯುತ್ತದೆಯೋ, ಅಥವಾ ಬರಿಯ ಭಯ ಮತ್ತು ಅಭ್ಯಾಸಗಳಷ್ಟೇ ಉಳಿಯುತ್ತವೆಯೋ? ಎರಡನೆಯದು ಬೆಲೆ. ಹೊಸ ಮೈಗೆ ಯಾರೋ ಏನನ್ನೋ ತೆರಲೇಬೇಕು. ಆ ಜೀವಿಯೇ ತೆರುತ್ತದೆಯೋ, ಬೇರೆಯವರಿಂದ ಕಿತ್ತುಕೊಳ್ಳುತ್ತದೆಯೋ? ಮೂರನೆಯದು ಮಿತಿ: ಎಷ್ಟು ಸಲ, ಎಷ್ಟು ಹೊತ್ತು, ಬದಲಾಗುವ ಗಳಿಗೆಯಲ್ಲಿ ಅದು ಎಷ್ಟು ದುರ್ಬಲ. ನಾಲ್ಕನೆಯದು ನಿಮ್ಮ ಕೈಯಲ್ಲಿರುವ ಸಾಧನ. ಹತ್ತು ಪುಟದ ಕಥೆ, ಇಬ್ಬರೇ ನಟರ ಕಿರುಚಿತ್ರ, ವರ್ಷಗಟ್ಟಲೆ ನಡೆಯುವ ಧಾರಾವಾಹಿ, ಇವು ಮೂರಕ್ಕೂ ಒಂದೇ ಅಂಗಿ ಹೊಂದುವುದಿಲ್ಲ.

ಐದನೆಯದು ಗುರುತು. ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಇದಕ್ಕೆ. ಮೈ ಬದಲಿಸಿದ ಜೀವಿಗೆ ತಾನು ಯಾರೆಂಬುದು ಹೇಗೋ ಗೊತ್ತಿರುತ್ತದೆ. ಗೊತ್ತಿಲ್ಲದವರು ಹೆಂಡತಿ, ಮಗು, ಗೆಳೆಯ, ಸಾಲ ಕೊಟ್ಟವನು, ಹಗೆ ಸಾಧಿಸುವವನು. ಅವರು ಹೊಸ ಮುಖದ ಎದುರು ನಿಂತು "ನೀನು ಅವನೇ ಹೌದೇ?" ಎಂದು ಕೇಳುವ ಗಳಿಗೆಯಲ್ಲಿಯೇ ಇಂಥ ಕಥೆಗಳ ಜೀವ ಇರುತ್ತದೆ ಎಂದು ನಾನು ನಂಬಿದ್ದೇನೆ. ನೀವು ಯಾವ ದಾರಿ ಹಿಡಿದರೂ ಆ ಪ್ರಶ್ನೆ ಕೇಳುವವರನ್ನು ಕಥೆಯಿಂದ ಹೊರಗಿಡಬೇಡಿ.

ಸಾವಿನ ಅಂಚಿನಲ್ಲಿ ಹೊಸಬನಾಗುವುದು

ಈ ದಾರಿಯನ್ನು ಜಗತ್ತಿಗೆ ಪರಿಚಯಿಸಿದ್ದು ಬಿಬಿಸಿಯ 'ಡಾಕ್ಟರ್ ಹೂ'. 1963ರಲ್ಲಿ ಶುರುವಾದ ಧಾರಾವಾಹಿಯ ಮೊದಲ ನಾಯಕ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಡುತ್ತಾ ಬಂತು. ಕಥೆಯನ್ನು ನಿಲ್ಲಿಸಲು ಮನಸ್ಸಿಲ್ಲದ ತಯಾರಕರು 1966ರಲ್ಲಿ ಡಾಕ್ಟರ್ ಎಂಬ ಅನ್ಯಗ್ರಹದ ನಾಯಕನನ್ನು ಕುಸಿದು ಬೀಳಿಸಿ, ಪ್ಯಾಟ್ರಿಕ್ ಟ್ರೌಟನ್ ಅವರ ಮುಖದಲ್ಲಿ ಏಳಿಸಿದರು. ನಟನನ್ನು ಬದಲಿಸಲೇಬೇಕಾದ ಇಕ್ಕಟ್ಟಿನಿಂದ ಹುಟ್ಟಿದ ಉಪಾಯ ಆ ಜೀವಿಯ ಜನ್ಮಗುಣವಾಗಿ ಬೆಳೆಯಿತು. ಅದಕ್ಕೆ 'ರೀಜನರೇಷನ್' ಎಂಬ ಹೆಸರು ಅಂಟಿದ್ದು 1974ರಲ್ಲಿ, ಜಾನ್ ಪರ್ಟ್ವೀ ಹೋಗಿ ಟಾಮ್ ಬೇಕರ್ ಬಂದಾಗ.

ಆ ಮೊದಲ ಬದಲಾವಣೆಯ ನಂತರದ ದೃಶ್ಯವನ್ನು ಬರೆಯುವವರೆಲ್ಲ ಒಮ್ಮೆ ಗಮನವಿಟ್ಟು ನೋಡಬೇಕು. ಜೊತೆಗಾರರಿಬ್ಬರಲ್ಲಿ ಒಬ್ಬನಿಗೆ ಎದುರಿಗಿರುವವನು ಡಾಕ್ಟರ್ ಎಂಬ ನಂಬಿಕೆ ಇಲ್ಲ. ಡಾಕ್ಟರ್ ಯಾವಾಗಲೂ ತೊಡುತ್ತಿದ್ದ ಉಂಗುರವನ್ನು ಈ ಹೊಸಬನ ಬೆರಳಿಗೆ ಹಾಕಿ ನೋಡುತ್ತಾನೆ. ಅದು ಹೊಂದುವುದಿಲ್ಲ. ಬೆರಳು ಬೇರೆ, ಕೈ ಬೇರೆ. ಹೊಸಬ ವಾದಕ್ಕೆ ಇಳಿಯುವುದಿಲ್ಲ. ರೆಕ್ಕೆ ಬಿಚ್ಚಿದ ಚಿಟ್ಟೆ ಮತ್ತೆ ತನ್ನ ಗೂಡಿನೊಳಗೆ ಹಿಡಿಸೀತೇ ಎಂಬರ್ಥದ ಮಾತನ್ನಷ್ಟೇ ಹೇಳುತ್ತಾನೆ. ಕೊನೆಗೆ ಅವನನ್ನು ಕಂಡೊಡನೆ ಗುರುತಿಸುವುದು ಅವನ ಹಳೆಯ ವೈರಿ ಡಾಲೆಕ್. ಗೆಳೆಯ ಅನುಮಾನಿಸುತ್ತಿರುವಾಗ ವೈರಿ ಕಂಡುಹಿಡಿಯುತ್ತಾನೆ! ಬೆಳಕು ಹೊಗೆಗಳ ತಂತ್ರ ಎಷ್ಟೇ ಇರಲಿ, ಬೆರಳಿಗೆ ಹೊಂದದ ಆ ಒಂದು ಉಂಗುರ ಮಾಡುವ ಕೆಲಸವನ್ನು ಅದು ಮಾಡಲಾರದು.

ಈ ದಾರಿಯ ಒಳಿತು ಸ್ಪಷ್ಟ. ನೆನಪು ಉಳಿಯುತ್ತದೆ, ಸ್ವಭಾವ ತಿರುಗುತ್ತದೆ, ಯಾರ ದೇಹವನ್ನೂ ಕದಿಯಬೇಕಾಗಿಲ್ಲ. ವರ್ಷಗಟ್ಟಲೆ ಸಾಗುವ ಕಥೆಗೆ ಇದಕ್ಕಿಂತ ಅನುಕೂಲವಾದದ್ದು ಇನ್ನೊಂದಿಲ್ಲ. ಗಂಡಾಗಿದ್ದ ಪಾತ್ರ ಹೆಣ್ಣಾಗಬಹುದು, ಮುದುಕ ಯುವಕನಾಗಬಹುದು. ಅದರ ಕೆಡುಕೂ ಅಷ್ಟೇ ಸ್ಪಷ್ಟ. ಸತ್ತರೂ ಏಳುತ್ತಾನೆಂದು ಓದುಗರಿಗೆ ಗೊತ್ತಾದ ಕೂಡಲೇ ಭಯ ಇಳಿದುಹೋಗುತ್ತದೆ. ಅದಕ್ಕೇ 1976ರ ಒಂದು ಕಥೆಯಲ್ಲಿ ಹನ್ನೆರಡು ಸಲಕ್ಕಿಂತ ಹೆಚ್ಚು ಹೀಗೆ ಬದಲಾಗುವಂತಿಲ್ಲ ಎಂಬ ಮಿತಿ ಬಂತು. ಆಗ ಹನ್ನೆರಡು ಎಂಬುದು ತುಂಬಾ ದೂರದ ಸಂಖ್ಯೆ. ಆದರೆ ಧಾರಾವಾಹಿ ಬದುಕುತ್ತಲೇ ಹೋಯಿತು, 2013ರಲ್ಲಿ ಲೆಕ್ಕ ಮುಗಿಯಿತು, ಆಮೇಲೆ ಅವನ ಜನಾಂಗವೇ ಅವನಿಗೆ ಹೊಸ ಸುತ್ತೊಂದನ್ನು ದಯಪಾಲಿಸಬೇಕಾಯಿತು. ನೀವು ಮಿತಿ ಹಾಕುವುದಾದರೆ ಅದನ್ನು ಮುಟ್ಟುವ ಧೈರ್ಯವಿರುವಷ್ಟು ಹತ್ತಿರದಲ್ಲಿ ಹಾಕಿ. ನನ್ನ ಕಣ್ಣಿಗೆ ಮೂರು ಒಳ್ಳೆಯ ಸಂಖ್ಯೆ. ಮೊದಲನೆಯ ಸಲ ಅಚ್ಚರಿಗೆ, ಎರಡನೆಯದು ಉಪಯೋಗಕ್ಕೆ, ಮೂರನೆಯದನ್ನು ಯಾರಿಗಾಗಿ ಖರ್ಚು ಮಾಡುವುದೆಂಬ ಸಂಕಟಕ್ಕೆ.

ಪೊರೆ ಮತ್ತು ಗೂಡು

ಇದು ಪ್ರಕೃತಿಗೆ ತೀರಾ ಹತ್ತಿರದ ದಾರಿ. ಆದರೂ ಹೊಸಬರು ಇದನ್ನು ಕಡೆಗಣಿಸುತ್ತಾರೆ, ನಿಧಾನ ಎಂಬ ಕಾರಣಕ್ಕೆ. ಆ ನಿಧಾನವೇ ಇದರ ಶಕ್ತಿ.

ಹಾವು ಬಿಟ್ಟುಹೋದ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ. ತಲೆಯ ಭಾಗದಲ್ಲಿ ಎರಡು ಪುಟ್ಟ ಪಾರದರ್ಶಕ ಬಟ್ಟಲುಗಳಿರುತ್ತವೆ. ಅವು ಕಣ್ಣಿನ ಹೊದಿಕೆಗಳು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೊಂದು ಗಾಜಿನಂಥ ಹುರುಪೆಯಿದೆ, ಚರ್ಮದ ಜೊತೆ ಅದೂ ಕಳಚಿ ಬರುತ್ತದೆ. ಪೊರೆ ಬಿಡುವ ಕೆಲವು ದಿನ ಮೊದಲು ಹಳೆಯ ಮತ್ತು ಹೊಸ ಚರ್ಮದ ನಡುವೆ ದ್ರವ ತುಂಬಿ ಕಣ್ಣು ಹಾಲಿನಂತೆ ಮಂಜಾಗುತ್ತದೆ. ಹಾವಿಗೆ ಆಗ ಸರಿಯಾಗಿ ಕಾಣುವುದಿಲ್ಲ; ಅದು ಅಡಗಿಕೊಳ್ಳುತ್ತದೆ, ಎಷ್ಟೋ ಸಲ ಆಹಾರವನ್ನೂ ಮುಟ್ಟುವುದಿಲ್ಲ. ಹೊಸದಾಗುವ ಮುನ್ನ ಕುರುಡಾಗುವ ಜೀವಿ! ಏಡಿಯದೂ ಇದೇ ಪಾಡು; ಹಳೆಯ ಚಿಪ್ಪು ಬಿಟ್ಟ ಮೇಲೆ ಹೊಸದು ಗಟ್ಟಿಯಾಗುವವರೆಗೆ ಅದರ ಮೈ ಮೆತ್ತಗೆ, ಯಾರು ಬೇಕಾದರೂ ಕಚ್ಚಬಹುದು. ನಿಮ್ಮ ಅನ್ಯಗ್ರಹ ಜೀವಿಗೆ ಇಂಥ ಹತ್ತು ದಿನಗಳನ್ನು ಕೊಟ್ಟರೆ ಕಥೆಗೆ ಬೇಕಾದ ಅಪಾಯ ತಾನಾಗಿಯೇ ಬಂದು ಕೂರುತ್ತದೆ. ಆ ಹತ್ತು ದಿನ ಅದು ಯಾರನ್ನು ನಂಬಿ ಬಾಗಿಲ ಬಳಿ ಕಾವಲು ಕೂರಿಸುತ್ತದೆ ಎಂಬುದೇ ಒಂದು ಕಥೆ.

ನೆನಪಿನ ವಿಷಯದಲ್ಲಿಯೂ ಇಲ್ಲಿ ಕುತೂಹಲದ ಅವಕಾಶವಿದೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪತಂಗದ ಹುಳುಗಳಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಆ ವಾಸನೆಯನ್ನು ದೂರವಿಡುವುದನ್ನು ಕಲಿಸಲಾಯಿತು. ಗೂಡು ಕಟ್ಟುವ ಹಂತಕ್ಕೆ ಹತ್ತಿರವಿದ್ದಾಗ ಕಲಿತ ಹುಳುಗಳು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ತೀರಾ ಎಳೆಯ ಹಂತದಲ್ಲಿ ಕಲಿತವು ಮರೆತವು. ಇದನ್ನೇ ನಿಮ್ಮ ಜೀವಿಯ ನಿಯಮ ಮಾಡಿಕೊಳ್ಳಿ: ಬಾಲ್ಯ ಅಳಿಸಿಹೋಗುತ್ತದೆ, ಕೊನೆಯ ವರ್ಷಗಳಷ್ಟೇ ದಾಟುತ್ತವೆ. ಹಾಗಾದರೆ ಗೂಡು ಸೇರುವ ಮುಂಚಿನ ತಿಂಗಳುಗಳನ್ನು ಅದು ಯಾರ ಜೊತೆ ಕಳೆಯಲು ಬಯಸುತ್ತದೆ? ಅಮ್ಮನ ಮುಖವನ್ನು ಮತ್ತೆ ನೋಡಲು ಓಡುವುದಿಲ್ಲವೇ?

ಪರದೆಯ ಮೇಲೆ ಇದನ್ನು ಚೆನ್ನಾಗಿ ಬಳಸಿದ್ದು 'ಬ್ಯಾಬಿಲಾನ್ 5'. 1994ರಲ್ಲಿ ಮಿನ್ಬಾರಿ ಎಂಬ ಅನ್ಯಗ್ರಹ ಜನಾಂಗದ ರಾಯಭಾರಿ ಡೆಲೆನ್ ಗೂಡಿನೊಳಗೆ ಹೋಗಿ ಅರೆ ಮನುಷ್ಯಳಾಗಿ ಹೊರಬರುತ್ತಾಳೆ. ಎರಡು ಜನಾಂಗಗಳ ನಡುವೆ ಸೇತುವೆಯಾಗುವುದು ಅವಳ ಆಸೆ, ಆದರೆ ಸ್ವಂತ ಜನರ ಆಳುವ ಮಂಡಳಿಯಲ್ಲಿಯೇ ಅವಳು ಸ್ಥಾನ ಕಳೆದುಕೊಳ್ಳುತ್ತಾಳೆ. ನನಗೆ ಇಷ್ಟವಾದದ್ದು ಒಂದು ಚಿಕ್ಕ ಸಂಗತಿ: ಹುಟ್ಟಿನಿಂದ ಕೂದಲೇ ಇಲ್ಲದಿದ್ದವಳಿಗೆ ಈಗ ತಲೆತುಂಬ ಕೂದಲು, ಅದನ್ನು ಏನು ಮಾಡಬೇಕೆಂದು ತಿಳಿಯದೆ ಮನುಷ್ಯ ಅಧಿಕಾರಿಣಿಯೊಬ್ಬಳ ನೆರವು ಕೇಳುತ್ತಾಳೆ.

ಮೇಕಪ್‌ಗೆ ಹಣವಿಲ್ಲದ ಕಿರುಚಿತ್ರಕ್ಕೆ ಈ ದಾರಿ ಕಷ್ಟ. ಬರವಣಿಗೆಗೆ ಮಾತ್ರ ಇದು ಚಿನ್ನ.

ಪರಕಾಯ ಪ್ರವೇಶ, ಒಪ್ಪಿಗೆಯಿಂದ ಅಥವಾ ಬಲದಿಂದ

ಪರಕಾಯ ಪ್ರವೇಶ ಎಂಬ ಮಾತು ನಮ್ಮ ನಾಲಿಗೆಗೆ ಹಳೆಯದು, ಹಾಗಾಗಿ ಈ ದಾರಿಯನ್ನು ಓದುಗರಿಗೆ ವಿವರಿಸಬೇಕಾಗಿಯೇ ಇಲ್ಲ. ವಿವರಿಸಬೇಕಾದದ್ದು ಒಂದೇ: ಆ ಕಾಯದಲ್ಲಿ ಮೊದಲು ಇದ್ದವರು ಏನಾದರು?

ವರ್ಷಗಳ ಹಿಂದೆ ನಾನೊಂದು ಕಥೆ ಬರೆದೆ. ನನ್ನ ಅನ್ಯಗ್ರಹದ ನಾಯಕಿ ಮುಪ್ಪಾದಾಗಲೆಲ್ಲ ಒಂದು ಎಳೆಯ ದೇಹಕ್ಕೆ ದಾಟುತ್ತಿದ್ದಳು. ಓದಿದ ಗೆಳತಿಯೊಬ್ಬಳು ಪುಟ ಮಡಿಸಿಟ್ಟು, "ಆ ಹುಡುಗಿಯ ಹೆಸರೇನು?" ಎಂದು ಕೇಳಿದಳು. ನಾನು ಅವಳಿಗೆ ಹೆಸರಿಟ್ಟಿರಲಿಲ್ಲ. ಆ ರಾತ್ರಿ ಕಥೆಯನ್ನು ಆ ಹುಡುಗಿಯ ಕಡೆಯಿಂದ ಮತ್ತೆ ಬರೆದೆ. ಅಂದಿನಿಂದ ಈ ದಾರಿ ಆರಿಸುವ ಪ್ರತಿಯೊಬ್ಬರಿಗೂ ನಾನು ಅದೇ ಪ್ರಶ್ನೆ ಕೇಳುತ್ತೇನೆ.

ಬಲದಿಂದ ನುಗ್ಗುವ ಬಗೆಯನ್ನು ಖಳನಿಗೆ ಮೀಸಲಿಡಿ. 'ಸ್ಟಾರ್‌ಗೇಟ್ ಎಸ್‌ಜಿ-1' ಧಾರಾವಾಹಿಯ ಗೋಆಉಲ್ಡ್ ಎಂಬ ಜೀವಿಗಳು ಹಾಗೆ ಮನುಷ್ಯರ ದೇಹ ಹಿಡಿದು ದೇವರಂತೆ ಮೆರೆಯುತ್ತವೆ. ಅದೇ ಜಾತಿಯ ಟೋಕ್ರಾ ಮಾತ್ರ ಒಪ್ಪಿದವರ ಜೊತೆ ದೇಹ ಹಂಚಿಕೊಳ್ಳುತ್ತವೆ. ದೇಹರಚನೆ ಒಂದೇ, ಒಪ್ಪಿಗೆ ಎಂಬ ಒಂದು ಗೆರೆ ಇಬ್ಬರನ್ನೂ ಬೇರೆ ಮಾಡುತ್ತದೆ. ಚಿಕ್ಕ ಬಜೆಟ್ಟಿಗೆ ಇದು ಒಳ್ಳೆಯ ಆಯ್ಕೆಯೂ ಹೌದು. ಒಬ್ಬ ನಟ, ಎರಡು ದನಿ, ಎರಡು ನಡಿಗೆ. ಒಳ್ಳೆಯ ನಟ ಸಿಕ್ಕರೆ ಬೇರೆ ಖರ್ಚೇ ಇಲ್ಲ.

ಒಪ್ಪಿಗೆಯ ಬಗೆಯಲ್ಲಿ ಎಲ್ಲರಿಗಿಂತ ಆಳಕ್ಕೆ ಹೋದದ್ದು ಸ್ಟಾರ್ ಟ್ರೆಕ್‌ನ ಟ್ರಿಲ್ ಜನಾಂಗ, ಅದರಲ್ಲೂ 1993ರಲ್ಲಿ ಶುರುವಾದ 'ಡೀಪ್ ಸ್ಪೇಸ್ ನೈನ್'ನ ಡಾಕ್ಸ್. ಡಾಕ್ಸ್ ಎಂಬುದು ಹೊಟ್ಟೆಯೊಳಗೆ ಬದುಕುವ, ಶತಮಾನಗಳ ಆಯುಷ್ಯದ ಸಹಜೀವಿ. ಅದನ್ನು ಹೊತ್ತವರು ಸತ್ತಾಗ ಅದು ಇನ್ನೊಬ್ಬರಿಗೆ ದಾಟುತ್ತದೆ, ಹಿಂದಿನ ಎಲ್ಲರ ನೆನಪುಗಳ ಜೊತೆಗೆ. ಆದರೆ ಹೊಸದಾಗಿ ಹೊತ್ತವರು ಖಾಲಿ ಪಾತ್ರೆಯಲ್ಲ. ಅವರ ಮನಸ್ಸೂ ಅದರೊಂದಿಗೆ ಬೆರೆತು ಮೂರನೆಯ ವ್ಯಕ್ತಿಯೊಬ್ಬರು ಹುಟ್ಟುತ್ತಾರೆ. ಯುವತಿ ಜಾಡ್ಜಿಯಾಳನ್ನು ಕಮಾಂಡರ್ ಸಿಸ್ಕೊ "ಮುದುಕ" ಎಂದು ಕರೆಯುತ್ತಾನೆ, ಏಕೆಂದರೆ ಹಿಂದಿನ ಡಾಕ್ಸ್ ಆಗಿದ್ದ ಕರ್ಜನ್ ಅವನ ಹಿರಿಯ ಗೆಳೆಯ. ಗುರುತಿನ ಪ್ರಶ್ನೆಗೆ ಇಷ್ಟು ಸಲುಗೆಯ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಲ್ಲಿನ ಮೂರು ಕಥೆಗಳು ನಿಮಗೆ ಮೂರು ಬಾಗಿಲು ತೆರೆಯುತ್ತವೆ. ಮೊದಲನೆಯದರಲ್ಲಿ ಕರ್ಜನ್ ಮಾಡಿದನೆನ್ನಲಾದ ಕೊಲೆಗೆ ಜಾಡ್ಜಿಯಾಳನ್ನು ವಿಚಾರಣೆಗೆ ಎಳೆಯುತ್ತಾರೆ. ಹಿಂದಿನ ದೇಹದ ಅಪರಾಧಕ್ಕೆ ಇಂದಿನ ದೇಹ ಹೊಣೆಯೇ? ಕರ್ಜನ್ ನಿರಪರಾಧಿ ಎಂದು ಬೇರೊಂದು ಸಾಕ್ಷ್ಯ ಸಿಗುವುದರಿಂದ ಆ ಪ್ರಶ್ನೆ ತೀರ್ಪಿಲ್ಲದೆ ಉಳಿಯುತ್ತದೆ. ಅದನ್ನು ನೀವು ಎತ್ತಿಕೊಳ್ಳಬಹುದು. ಎರಡನೆಯದು 1995ರದು. ಹಿಂದಿನ ಜನ್ಮದ ಸಂಗಾತಿಯ ಜೊತೆ ಮತ್ತೆ ಬಾಳುವುದು ಟ್ರಿಲ್ ಸಮಾಜದಲ್ಲಿ ನಿಷಿದ್ಧ. ಹಿಂದೆ ದಂಪತಿಯಾಗಿದ್ದ ಎರಡು ಸಹಜೀವಿಗಳು ಇಬ್ಬರು ಹೆಂಗಸರ ದೇಹದಲ್ಲಿ ಎದುರಾಗುತ್ತವೆ, ಪ್ರೀತಿ ಮತ್ತೆ ಉಕ್ಕುತ್ತದೆ, ಒಪ್ಪಿದರೆ ಗಡೀಪಾರು. ದೀರ್ಘಾಯುಷಿಗಳ ಸಮಾಜ ಹಳೆಯ ನಂಟುಗಳಲ್ಲೇ ಸಿಕ್ಕಿ ಕೊಳೆಯಬಾರದೆಂಬ ಕಟ್ಟಳೆ ಅದು. ನ್ಯಾಯ ಯಾವ ಕಡೆಗಿದೆ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಮೂರನೆಯದು 1998ರದು. ಜಾಡ್ಜಿಯಾ ಸಾಯುತ್ತಾಳೆ, ತುರ್ತಿನಲ್ಲಿ ಡಾಕ್ಸ್ ಸೇರುವುದು ಯಾವ ತಯಾರಿಯೂ ಇಲ್ಲದ ಎಜ್ರಿ ಎಂಬ ಹುಡುಗಿಗೆ. ಜಾಡ್ಜಿಯಾಳ ಗಂಡ ವಾರ್ಫ್ ಅವಳ ಮುಖವನ್ನು ನೋಡಲಾರ. ಹೆಂಡತಿಯ ನೆನಪುಗಳನ್ನೆಲ್ಲ ಹೊತ್ತು ಹೆಂಡತಿಯಲ್ಲದವಳು ಎದುರು ನಿಂತರೆ ಮನುಷ್ಯ ಏನು ಮಾಡಬೇಕು?

ಇಲ್ಲಿ ಬೆಲೆಯನ್ನು ಬಚ್ಚಿಡಲು ಆಗುವುದಿಲ್ಲ, ಸಾವು ಸಾವಾಗಿಯೇ ಉಳಿಯುತ್ತದೆ, ಆದರೂ ಏನೋ ಮುಂದುವರಿಯುತ್ತದೆ. ಕಾದಂಬರಿಗೆ ನನ್ನ ಮೊದಲ ಮತ ಇದಕ್ಕೇ. ತೊಡಕು ಒಂದೇ: ಹಿನ್ನೆಲೆ ಹೇಳಲು ಜಾಗ ಬೇಕು. ಆರೇಳು ಹಿಂದಿನ ಜನ್ಮಗಳನ್ನು ಹತ್ತು ಪುಟಕ್ಕೆ ತುರುಕಿದರೆ ಹೆಸರುಗಳ ಪಟ್ಟಿಯಾಗುತ್ತದೆ. ಸಣ್ಣ ಕಥೆಗೆ ಒಂದೇ ಒಂದು ಹಿಂದಿನ ಜನ್ಮ ಸಾಕು.

ಬೇಕೆಂದಾಗ ಬೇಕಾದ ರೂಪ

ರೂಪ ಬದಲಿಸುವ ಜೀವಿಗೆ ಮುಪ್ಪಿನ ಚಿಂತೆಯಿಲ್ಲ, ಮುಖದ ಚಿಂತೆಯಿಲ್ಲ. ಹಾಗಾಗಿಯೇ ಇದು ಬರೆಯುವವರನ್ನು ಬೇಗ ಹಾಳುಮಾಡುತ್ತದೆ. ಏನು ಬೇಕಾದರೂ ಆಗಬಲ್ಲ ಪಾತ್ರಕ್ಕೆ ಬೀಗ ಹಾಕಿದ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಅದಕ್ಕೊಂದು ಅಸಾಮರ್ಥ್ಯವನ್ನು ಕೊಡಲೇಬೇಕು. 'ಡೀಪ್ ಸ್ಪೇಸ್ ನೈನ್'ನ ಓಡೋ ಮೂಲತಃ ದ್ರವ. ಮನುಷ್ಯರ ಮುಖವನ್ನು ಅವನು ಎಂದಿಗೂ ಪೂರ್ತಿ ಕಲಿಯಲಾರ, ಹಾಗಾಗಿ ಅವನ ಮುಖ ಅರ್ಧ ತಿದ್ದಿದ ಮಣ್ಣಿನ ಗೊಂಬೆಯಂತಿದೆ. ಆಗಾಗ ದ್ರವರೂಪಕ್ಕೆ ಮರಳಿ ವಿಶ್ರಮಿಸಬೇಕು, ಅದಕ್ಕೆ ಅವನ ಬಳಿ ಒಂದು ಬಕೆಟ್ಟು. ಮುಂದೆ ಅವನಿಗೆ ಸ್ವಂತ ಕೋಣೆ ಸಿಕ್ಕಾಗ ಬಕೆಟ್ಟಿನ ಅಗತ್ಯ ತಪ್ಪುತ್ತದೆ, ಗೆಳತಿ ತಂದ ಗಿಡ ಅದರಲ್ಲಿ ಕೂರುತ್ತದೆ. ಅಂಥ ಒಂದು ಬಕೆಟ್ಟನ್ನು ನಿಮ್ಮ ಪಾತ್ರಕ್ಕೂ ಹುಡುಕಿಕೊಡಿ.

ಭಯದ ಕಥೆಗೆ ಇದೇ ದಾರಿ ಬೇರೆ ರೀತಿಯಲ್ಲಿ ಒದಗುತ್ತದೆ. 1956ರ 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್' ಚಿತ್ರದಲ್ಲಿ ಹೆಂಗಸೊಬ್ಬಳು ತನ್ನ ಚಿಕ್ಕಪ್ಪ ಚಿಕ್ಕಪ್ಪನಲ್ಲ ಎನ್ನುತ್ತಾಳೆ. ಮುಖ ಅದೇ, ದನಿ ಅದೇ, ನೆನಪುಗಳೂ ಅವೇ. ಅವಳನ್ನು ನೋಡುವಾಗ ಕಣ್ಣಲ್ಲಿ ಮೂಡುತ್ತಿದ್ದ ಒಂದು ಬೆಳಕು ಇಲ್ಲ, ಅಷ್ಟೇ. ಆ ದೃಶ್ಯಕ್ಕೆ ಯಾವ ತಂತ್ರವೂ ಬೇಕಾಗಿಲ್ಲ. ಕೈಯಲ್ಲಿ ಕಾಸಿಲ್ಲದ ಚಿತ್ರತಂಡಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ನಕಲು ಪ್ರತಿ

ಮನಸ್ಸನ್ನು ಹೊಸ ತದ್ರೂಪಿ ದೇಹಕ್ಕೆ ಇಳಿಸುವುದು. ಇದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಏಕೆಂದರೆ ಕಥೆ ಬೇಗ ಯಂತ್ರದ ಕಡೆಗೆ ವಾಲುತ್ತದೆ, ಜೀವಿ ಹಿಂದೆ ಉಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ 'ಸ್ಟಾರ್‌ಗೇಟ್'ನ ಅಸ್ಗಾರ್ಡ್‌ರಿಂದ ಬರಲಿ. ಅವರು ನಕಲಿನ ಮೇಲೆ ನಕಲು ಮಾಡಿಕೊಂಡು ಬದುಕಿದರು, ಪ್ರತಿಯೊಂದರಲ್ಲಿಯೂ ದೋಷ ಸೇರುತ್ತಾ ಹೋಯಿತು, ಸಂತಾನಶಕ್ತಿ ಎಂದೋ ಹೋಗಿತ್ತು, ಕೊನೆಗೆ ಇಡೀ ಜನಾಂಗ ತಾನೇ ಅಂತ್ಯವನ್ನು ಆರಿಸಿಕೊಂಡಿತು. ಒಂದು ನಾಗರಿಕತೆಯ ಮುಪ್ಪನ್ನು ಹೇಳಬೇಕೆಂದಿದ್ದರೆ ಈ ದಾರಿ ಹಿಡಿಯಿರಿ. ಒಬ್ಬ ವ್ಯಕ್ತಿಯ ಕಥೆಗೆ ಬೇಡ.

ಈಗ ನಿಮ್ಮ ಕಥೆಗೆ

ನಿಮ್ಮದು ಹತ್ತು ಪುಟದ ಕಥೆಯಾದರೆ ಪೊರೆ ಬಿಡುವ ಜೀವಿಯನ್ನು ಆರಿಸಿ, ಅದರ ಕಣ್ಣು ಮಂಜಾದ ದಿನದಿಂದ ಶುರುಮಾಡಿ. ಇಬ್ಬರು ನಟರ ಕಿರುಚಿತ್ರವಾದರೆ ಮುಖ ಬದಲಾಗದ ಬಗೆಯೇ ಸರಿ: ಒಳಗೆ ಇನ್ನೊಬ್ಬರು ಬಂದು ಕೂತಿದ್ದಾರೆ, ಎದುರಿನವರಿಗೆ ಅನುಮಾನ ಬಂದಿದೆ, ಹೇಳಲಾಗುತ್ತಿಲ್ಲ. ನಟರು ಬಂದು ಹೋಗುತ್ತಲೇ ಇರುವ ಧಾರಾವಾಹಿ ಅಥವಾ ಬಾನುಲಿ ಸರಣಿಯಾದರೆ ಸಾವಿನ ಅಂಚಿನ ಮರುಹುಟ್ಟು ನಿಮ್ಮನ್ನು ಕಾಪಾಡುತ್ತದೆ. ಬಾನುಲಿಯಲ್ಲಿ ದನಿ ಬದಲಾದರೆ ಸಾಕು, ಮೈ ಬದಲಾಯಿತೆಂದು ಕೇಳುಗರು ನಂಬುತ್ತಾರೆ. ಆದರೆ ಹಳೆಯ ದನಿಯವನ ಒಂದು ನುಡಿಗಟ್ಟನ್ನಾದರೂ ಹೊಸಬನ ಬಾಯಲ್ಲಿ ಉಳಿಸಿಕೊಳ್ಳಿ.

ಕಾದಂಬರಿ ಬರೆಯುವವರು, ಸಮಯ ಇರುವವರು, ಸಹಜೀವಿಯ ದಾರಿ ಹಿಡಿಯಲಿ. ಎರಡು ಬಗೆಗಳ ನಡುವೆ ಇನ್ನೂ ತೂಗಾಡುತ್ತಿದ್ದರೆ ಒಂದು ಕೆಲಸ ಮಾಡಿ ನೋಡಿ. ಬದಲಾವಣೆಯನ್ನು ಬರೆಯಲು ಹೋಗಬೇಡಿ, ಅದರ ಮರುದಿನ ಬೆಳಗನ್ನು ಎರಡೂ ಬಗೆಯಲ್ಲಿ ಒಂದೊಂದು ಪುಟ ಬರೆಯಿರಿ. ಹೊಸ ಮೈಯ ಜೀವಿ ಮನೆಗೆ ಬಂದು ಬಾಗಿಲು ತಟ್ಟುತ್ತದೆ, ಅದನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರು ಬಾಗಿಲು ತೆರೆಯುತ್ತಾರೆ. ಯಾವ ಪುಟದಲ್ಲಿ ಬಾಗಿಲಾಚೆಯವರಿಗೆ ಮೊದಲು ಆಡಬೇಕಾದ ಮಾತು ಸಿಗದೆ ಹೋಗುತ್ತದೆಯೋ, ಆ ಪುಟವನ್ನು ಇಟ್ಟುಕೊಂಡು ಮುಂದೆ ಬರೆಯಿರಿ.